ನಳ ನಿಂತಾಗ: ಕೊಪ್ಪಳ ಸೀಮೆಯ ನೀರಿನ ಲೆಕ್ಕ

ಭಾಗ 1

ನಳ ತಿರುವಿದಾಗ ನೀರಿನ ಬದಲು ಬುಸ್ ಅಂತ ಗಾಳಿ ಬಂದ್ರೆ ನೀವು ಮೊದಲು ಯಾರಿಗೆ ಫೋನ್ ಮಾಡ್ತೀರಿ? ಮೇಲಿನ ಮನೆಯವರಿಗಾ, ಮೋಟರ್ ರಿಪೇರಿಯವರಿಗಾ, ಟ್ಯಾಂಕರ್‌ನವರಿಗಾ?

ಅಜ್ಜಿ ಕಾಲದಲ್ಲಿ ಈ ಪ್ರಶ್ನೆನೇ ಇರಲಿಲ್ಲ. ಬಾವಿ, ಹಗ್ಗ, ಕೊಡ ಅಷ್ಟೇ. ನೀರು ಎಷ್ಟು ಕೆಳಗೆ ಹೋಗಿದೆ ಅಂತ ಹಗ್ಗದ ಉದ್ದವೇ ಹೇಳ್ತಿತ್ತು. ಈಗ ನಮಗೂ ನೀರಿಗೂ ನಡುವೆ ಡ್ಯಾಮ್, ಪೈಪು, ಶುದ್ಧೀಕರಣ ಘಟಕ, ಊರ ಟ್ಯಾಂಕು, ಬಿಲ್ಡಿಂಗಿನ ಸಂಪು, ಮೋಟರು, ಮಾಳಿಗೆ ಮೇಲಿನ ಸಿಂಟೆಕ್ಸು. ಇದು ಒಂದು ಉದ್ದನೆ ಸರಪಳಿ. ಒಂದು ಕೊಂಡಿ ಕಳಚಿದ್ರೂ ಮೂರನೇ ಮಹಡಿಯ ಅಡುಗೆ ಮನೆ ಒಣಗುತ್ತೆ.

"ಸರಪಳಿ" ಅನ್ನೋ ಮಾತನ್ನ ಸುಮ್ಮನೆ ಹೇಳ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಒಂದು ಸರಪಳಿ ನಿಜವಾಗಿಯೂ ತುಂಡಾಗಿತ್ತು. ಅಲ್ಲಿಂದಲೇ ಶುರು ಮಾಡೋಣ.

ಭಾಗ 2

2024ರ ಆಗಸ್ಟ್ 10, ಶನಿವಾರ ರಾತ್ರಿ. ತುಂಗಭದ್ರಾ ಡ್ಯಾಮಿನ 33 ಕ್ರಸ್ಟ್ ಗೇಟುಗಳಲ್ಲಿ 19ನೇ ಗೇಟಿನ ಚೈನ್ ಕಟ್ ಆಯ್ತು. 60 ಅಡಿ ಅಗಲ, 20 ಅಡಿ ಎತ್ತರದ ಗೇಟು ಕೊಚ್ಚಿಕೊಂಡು ಹೋಯ್ತು. ಆ ದಿನ ಡ್ಯಾಮು ತುಂಬಿತ್ತು. ಗಂಗಾವತಿ, ಕಾರಟಗಿ ಕಡೆ ರೈತರು ಎರಡೂ ಬೆಳೆಗೆ ನೀರು ಸಿಕ್ಕೀತು ಅಂತ ಖುಷಿಯಾಗಿದ್ದ ಹೊತ್ತು ಅದು.

ಆ ಒಂದೇ ಕಿಂಡಿಯಿಂದ ಸುಮಾರು 35,000 ಕ್ಯುಸೆಕ್ ನೀರು ಹೊರಗೆ ಹೋಗ್ತಿತ್ತು. ಲೆಕ್ಕ ಹಾಕಿ ನೋಡಿ: ಒಂದು ಕ್ಯುಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಅಂದ್ರೆ ಸೆಕೆಂಡಿಗೆ ಹತ್ತಿರ ಹತ್ತಿರ 10 ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರ್ ಆದ್ರೆ ಪ್ರತಿ ಸೆಕೆಂಡಿಗೆ ಸುಮಾರು 200 ಟ್ಯಾಂಕರ್! ಡ್ಯಾಮಿನ ಮೇಲಿನ ಒತ್ತಡ ಇಳಿಸೋಕೆ ಉಳಿದ ಗೇಟುಗಳನ್ನೂ ತೆರೆಯಬೇಕಾಯ್ತು.

ತಕ್ಷಣ ಇಳಿಸೋಕೆ ಬದಲಿ ಗೇಟು ಸಿದ್ಧ ಇರಲಿಲ್ಲ. ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಬಂದ್ರು. ತಾತ್ಕಾಲಿಕ ಗೇಟನ್ನ, ಅಂದ್ರೆ ಸ್ಟಾಪ್‌ಲಾಗ್ ಅನ್ನ, ತುಂಡು ತುಂಡಾಗಿ ತಯಾರು ಮಾಡಿಸಿದ್ರು. ಹರಿಯೋ ನೀರಲ್ಲೇ ಒಂದರ ಮೇಲೊಂದು ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಆ ಕಿಂಡಿ ಮುಚ್ಚಿದ್ರು. ಅಷ್ಟರಲ್ಲಿ 30 ಟಿಎಂಸಿಗೂ ಹೆಚ್ಚು ನೀರು ಹೋಗಿತ್ತು. ಪುಣ್ಯಕ್ಕೆ ಮಳೆ ಕೈ ಹಿಡಿಯಿತು, ಸೆಪ್ಟೆಂಬರ್‌ನಲ್ಲಿ ಡ್ಯಾಮು ಮತ್ತೆ ತುಂಬಿತು. ಆದ್ರೆ ಹಳೇ ಗೇಟುಗಳ ಮೇಲೆ ಭರವಸೆ ಹೋಗಿತ್ತು. 2025ರಲ್ಲಿ ಸುಮಾರು 80 ಟಿಎಂಸಿ ಮಾತ್ರ ನಿಲ್ಲಿಸಿದ್ರು.

ಭಾಗ 3

ಈಗ ನನ್ನ ಬಿಕಾಂ ಕಣ್ಣಿಂದ ನೋಡಿ.

ನಾವು ಕ್ಲಾಸಿನಲ್ಲಿ "ಸವಕಳಿ" ಅಂತ ಓದ್ತೀವಿ. ಯಂತ್ರ ತಂದ ದಿನದಿಂದಲೇ ಅದು ಸವೆಯೋಕೆ ಶುರು ಆಗುತ್ತೆ. ಕಣ್ಣಿಗೆ ಕಾಣದಿದ್ರೂ ವರ್ಷ ವರ್ಷ ಲೆಕ್ಕ ಬರೀಬೇಕು, ಹೊಸದು ತರೋಕೆ ಬೇರೆ ದುಡ್ಡು ತೆಗೆದಿಡಬೇಕು.

ಈ ಡ್ಯಾಮ್ ಸುಲಭವಾಗಿ ಬಂದಿದ್ದಲ್ಲ. ತುಂಗಭದ್ರೆಗೆ ಅಡ್ಡ ಕಟ್ಟೋ ಯೋಚನೆಯನ್ನ ಆರ್ಥರ್ ಕಾಟನ್ ಕೊಟ್ಟಿದ್ದು 1860ರಲ್ಲಿ. 1876-78ರ ಭೀಕರ ಬರ ಬಳ್ಳಾರಿ ಸೀಮೆಯನ್ನ ನುಂಗಿತು. ಆದ್ರೂ ಹೊಳೆಯ ಒಂದು ದಂಡೆ ಮದ್ರಾಸಿನದು, ಇನ್ನೊಂದು ನಿಜಾಮರ ಹೈದರಾಬಾದಿನದು. ಮಾತುಕತೆಯಲ್ಲೇ ದಶಕಗಳು ಹೋದವು. 1945ರ ಫೆಬ್ರವರಿ 28ಕ್ಕೆ ಅಡಿಗಲ್ಲು ಬಿತ್ತು. 1953ರಲ್ಲಿ ನೀರು ನಿಂತಿತು. ಹಿನ್ನೀರಿಗೆ ಸುಮಾರು 90 ಹಳ್ಳಿಗಳು ಮುಳುಗಿದವು. ನಮ್ಮ ನಳದಲ್ಲಿ ಬರೋ ನೀರಿನ ಅಡಿಯಲ್ಲಿ ಯಾರದೋ ಮನೆ, ಯಾರದೋ ಗುಡಿ, ಯಾರದೋ ಬಾವಿ ಇದೆ.

ಆಗ ಡ್ಯಾಮಿನ ಸಾಮರ್ಥ್ಯ 133 ಟಿಎಂಸಿ. ಈಗ 105.788. ಮಿಕ್ಕ 27 ಟಿಎಂಸಿ ಜಾಗದಲ್ಲಿ ಹೂಳು ಕೂತಿದೆ. ಇದಕ್ಕಿಂತ ದೊಡ್ಡ ಸವಕಳಿಯ ಉದಾಹರಣೆ ನನ್ನ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. 19ನೇ ಗೇಟಿನ ಚೈನ್ ಆ ರಾತ್ರಿ ಒಮ್ಮೆಲೇ ಹಳೇದಾಗಲಿಲ್ಲ. ದಿನಾ ಸವೆಯುತ್ತಿತ್ತು, ತುಂಡಾಗಿದ್ದು ಮಾತ್ರ ಒಂದು ರಾತ್ರಿ.

ಭಾಗ 4

"ಹಿಂದಿನವರಿಗೆ ಇದೆಲ್ಲ ಗೊತ್ತಿತ್ತಾ?" ಅಂತ ಕೇಳ್ತೀರಾ? ಗೊತ್ತಿತ್ತು.

ಯಲಬುರ್ಗಾ ಸೀಮೆಯ ಇಟಗಿಗೆ ಹೋಗಿದ್ದೀರಲ್ಲ? ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ. ಎಲ್ಲರೂ ಗುಡಿಯ ಕೆತ್ತನೆ ಮುಂದೆ ಫೋಟೋ ತೆಗೆಸ್ಕೋತಾರೆ. ಪಕ್ಕದ ಪುಷ್ಕರಣಿಯನ್ನೂ ಒಮ್ಮೆ ನೋಡಿ. ಮೆಟ್ಟಿಲು ಯಾಕೆ? ನೀರು ಎಷ್ಟೇ ಇಳಿದ್ರೂ ಮನುಷ್ಯ ಅದರ ಹಿಂದೆ ಇಳಿದು ಹೋಗಬಹುದು. ಇವತ್ತು ಯಾವ ಮೆಟ್ಟಿಲಿಗೆ ನೀರಿದೆ ಅಂತ ಇಡೀ ಊರಿಗೆ ಕಾಣುತ್ತೆ. ಮುಚ್ಚಳ ಮುಚ್ಚಿ ಬೀಗ ಹಾಕಿದ ನಮ್ಮ ಸಂಪಿನಲ್ಲಿ ಎಷ್ಟು ನೀರಿದೆ ಅಂತ ಯಾರಿಗೆ ಕಾಣುತ್ತೆ ಹೇಳಿ?

ಗಂಗಾವತಿ ತಾಲ್ಲೂಕಿನ ಆನೆಗುಂದಿ, ಹೊಳೆ ಆಚೆ ಹಂಪಿ ಕಡೆ ವಿಜಯನಗರದವರು ಕಟ್ಟಿದ ಕಾಲುವೆಗಳಲ್ಲಿ ಕೆಲವು ಇವತ್ತಿಗೂ ಗದ್ದೆಗೆ ನೀರು ಕೊಡ್ತಿವೆ. ಅದೇ ಮನೆತನದ ರಾಜಕುಮಾರ ಭಾಸ್ಕರ 1369ರಲ್ಲಿ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಒಂದು ಕೆರೆ ಕಟ್ಟಿಸಿದ. ಅದಕ್ಕೆ 1,000 ಆಳು, 100 ಬಂಡಿ, 2 ವರ್ಷ ಹಿಡಿಯಿತು ಅಂತ ಶಾಸನವೇ ಹೇಳುತ್ತೆ. ಒಳ್ಳೇ ಕೆರೆಗೆ ಇರಬೇಕಾದ 12 ಅಂಗಗಳು ಮತ್ತು ಇರಬಾರದ 6 ದೋಷಗಳ ಪಟ್ಟಿಯೂ ಅದರಲ್ಲಿದೆ. ಏರಿಯಿಂದ ನೀರು ಸೋರೋದು ಆ ದೋಷಗಳಲ್ಲಿ ಒಂದು. ಅಂದ್ರೆ 650 ವರ್ಷದ ಹಿಂದೆ ಕಲ್ಲಿನ ಮೇಲೆ ಬರೆದ ಚೆಕ್‌ಲಿಸ್ಟ್!

ಭಾಗ 5

ಆದ್ರೆ ಎಲ್ಲ ತಾಲ್ಲೂಕಿಗೂ ಹೊಳೆ ಇಲ್ಲ. ಗಂಗಾವತಿಯಲ್ಲಿ ಭತ್ತದ ಗದ್ದೆ ಕಂಡ್ರೆ, ಕುಷ್ಟಗಿ-ಯಲಬುರ್ಗಾದಲ್ಲಿ ಸಜ್ಜೆ, ಜೋಳದ ಒಣ ಹೊಲ. ಬೋರ್ ಕೊರೆಸಿದ್ರೆ ಎಷ್ಟೋ ಕಡೆ ಫ್ಲೋರೈಡ್ ನೀರು. ಅದಕ್ಕೇ ದೂರದ ಕೃಷ್ಣಾ ನದಿಯಿಂದ ಈ ಎರಡು ತಾಲ್ಲೂಕಿನ ಹಳ್ಳಿಗಳಿಗೆ ಪೈಪಿನಲ್ಲಿ ಕುಡಿಯೋ ನೀರು ತರೋ ಯೋಜನೆ ಬಂತು. ಪೈಪು ಉದ್ದ ಆದಷ್ಟೂ ಕೊಂಡಿಗಳು ಜಾಸ್ತಿ ಅನ್ನೋದನ್ನ ಮರೀಬೇಡಿ.

ಪೈಪನ್ನೇ ನೆಚ್ಚಿಕೊಂಡು ಕೂರದವರೂ ಇದ್ದಾರೆ. 2019ರಲ್ಲಿ ಕುಷ್ಟಗಿ ಹತ್ತಿರದ ನಿಡಶೇಸಿ ಕೆರೆಯ ಹೂಳನ್ನ ಜನರೇ ಸೇರಿ ತೆಗೆದ್ರು. ಅದೇ ವರ್ಷ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದಾಳತ್ವದಲ್ಲಿ ಹಿರೇಹಳ್ಳವನ್ನ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಸ್ವಚ್ಛ ಮಾಡಿದ್ರು. ಹಣ ಇದ್ದವರು ಹಣ, ಜೆಸಿಬಿ ಇದ್ದವರು ಜೆಸಿಬಿ, ಏನೂ ಇಲ್ಲದವರು ರೊಟ್ಟಿ ಬುತ್ತಿ ಕೊಟ್ರು.

ಭಾಗ 6

ಈಗ ನಮ್ಮ ನಿಮ್ಮ ಬಿಲ್ಡಿಂಗಿಗೆ ಬರೋಣ. ಈ ಬೇಸಿಗೆ ನಮ್ಮಲ್ಲಿ ಮೋಟರ್ ಸುಟ್ಟು ಎರಡೂವರೆ ದಿನ ನೀರಿರಲಿಲ್ಲ. 16 ಮನೆ. ಬಾಡಿಗೆಯವರು "ಮಾಲೀಕರು ಕೊಡ್ಲಿ" ಅಂದ್ರು, ಮಾಲೀಕರು "ಬಳಸೋರು ಕೊಡ್ಲಿ" ಅಂದ್ರು. ಈ ಜಗಳದ ನಡುವೆ ಮೂರನೇ ಮಹಡಿಯ ಅಜ್ಜಿಯೊಬ್ಬರು ಎರಡೆರಡು ಮೆಟ್ಟಿಲಿಗೆ ನಿಂತು ಅರ್ಧ ಕೊಡ ಹೊತ್ತು ಹತ್ತುತ್ತಿದ್ರು. "ನೀರ ಇಲ್ಲಂದ್ರ ನಡಿತೈತಪ್ಪ, ನಾಳಿ ಬರತೈತೋ ಇಲ್ಲೋ ಅಂತ ಯಾರೂ ಹೇಳವಲ್ರಲ್ಲ, ಅದ ತ್ರಾಸು" ಅಂದ್ರು. ಮೋಟರ್ ಎಷ್ಟು ವರ್ಷದ್ದು ಅಂತ ಕೇಳಿದ್ರೆ 16 ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಹಂಗಾಗಿ ಒಂದು ಸಣ್ಣ ಲೆಕ್ಕ, ಸೇವ್ ಮಾಡಿ ಇಟ್ಕೊಳ್ಳಿ:

• ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋದು ಮಾನದಂಡ. 16 ಮನೆ, ಮನೆಗೆ 4 ಜನ ಅಂದ್ರೆ 64 ಜನ. ದಿನಕ್ಕೆ 8,640 ಲೀಟರ್.

• ಆಪತ್ತಿನಲ್ಲಿ ಕುಡಿಯೋಕೆ, ಅಡುಗೆಗೆ, ತೊಳೆಯೋಕೆ ಸೇರಿ ಕನಿಷ್ಠ 15 ಲೀಟರ್ ಬೇಕು ಅನ್ನೋದು ಅಂತರರಾಷ್ಟ್ರೀಯ ಅಳತೆ. 64 ಜನಕ್ಕೆ 960 ಲೀಟರ್. ಅಂದ್ರೆ ಬೇರೆಯಾಗಿ ಇಟ್ಟ ಒಂದೇ 1,000 ಲೀಟರಿನ ಸಿಂಟೆಕ್ಸು ಇಡೀ ಬಿಲ್ಡಿಂಗನ್ನ ಒಂದು ದಿನ ಕಾಯುತ್ತೆ. ಆ ನೀರು ಹಳಸದಂಗೆ ಆಗಾಗ ಬದಲಿಸ್ತಿರಿ.

• ಮನೆಗೆ ತಿಂಗಳಿಗೆ 150 ರೂಪಾಯಿ ಎತ್ತಿಟ್ರೆ ವರ್ಷಕ್ಕೆ 28,800. ಇದು ಸವಕಳಿ ನಿಧಿ. ಹಬ್ಬಕ್ಕೆ, ಪೇಂಟಿಗೆ ಮುಟ್ಟಬಾರದು.

• ಮೋಟರ್ ಹಾಕಿದ ತಾರೀಖು, ರಿಪೇರಿ ತಾರೀಖು, ಟ್ಯಾಂಕ್ ತೊಳೆದ ತಾರೀಖು ಮೆಟ್ಟಿಲ ಹತ್ತಿರ ಗೋಡೆ ಮೇಲೆ ಬರೀರಿ. ಶಾಸನ ಬೇಡ, ಮಾರ್ಕರ್ ಸಾಕು.

• ನೀರು ನಿಂತ ದಿನ ಮೊದಲ ಕೊಡ ಯಾರ ಮನೆಗೆ ಅನ್ನೋದನ್ನ ನೀರು ಇದ್ದಾಗಲೇ ತೀರ್ಮಾನ ಮಾಡಿ. ವಯಸ್ಸಾದವರು, ಬಾಣಂತಿ, ಸಣ್ಣ ಮಕ್ಕಳಿರೋ ಮನೆ ಮೊದಲು.

ನಿಮ್ಮ ಬಿಲ್ಡಿಂಗಿನ ಮೋಟರಿಗೆ ಎಷ್ಟು ವರ್ಷ? ಗೊತ್ತಿದ್ರೆ ಕಮೆಂಟಿನಲ್ಲಿ ಬರೀರಿ. ಗೊತ್ತಿಲ್ಲ ಅಂದ್ರೆ ಇವತ್ತೇ ಕೆಳಗಿಳಿದು ಕೇಳ್ಕೊಂಡು ಬರ್ರಿ.

#ಕೊಪ್ಪಳ #ಗಂಗಾವತಿ #ಕುಷ್ಟಗಿ #ಯಲಬುರ್ಗಾ #ತುಂಗಭದ್ರಾ #ನಮ್ಮನೀರುನಮ್ಮಲೆಕ್ಕ