ಕರೆಂಟಿನ ಟೈಪ್‌ರೈಟರೂ ನಮ್ಮ ಕೈಮಿಷನ್ನೂ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಚೇರಿಗಳಿಗೆ ಅಲೆದ ನಮಗೆಲ್ಲ ಟೈಪ್‌ರೈಟರಿನ ಟಕಟಕ ಸದ್ದು ಇನ್ನೂ ಕಿವಿಯಲ್ಲಿದೆ. 1961ರಲ್ಲಿ ಅಮೆರಿಕದ ಐಬಿಎಂ ಕಂಪನಿ ‘ಸೆಲೆಕ್ಟ್ರಿಕ್’ ಎಂಬ ಕರೆಂಟಿನ ಮಿಷನ್ ತಂದಿತು. ಗುಂಡು ಚೆಂಡಿನ ಮೈಮೇಲೆ 88 ಅಕ್ಷರ. ಬೆರಳು ತಾಗಿದರೆ ಸಾಕು, ಅಚ್ಚು ಬಿದ್ದಂತೆಯೇ. ಅದನ್ನು ನೋಡಿ ನಾವೂ ಆಸೆಪಟ್ಟದ್ದುಂಟು. ಆದರೆ 1902ರಲ್ಲೇ ಕೋಲಾರದ ಗಣಿಗೆ ವಿದ್ಯುತ್ ಕೊಟ್ಟ ಶಿವನಸಮುದ್ರ ನಮ್ಮ ಮಂಡ್ಯ ಜಿಲ್ಲೆಯದ್ದೇ ಆದರೂ, ನಮ್ಮೂರಲ್ಲಿ ಕರೆಂಟು ಬಂದರೆ ಬಂತು, ಹೋದರೆ ಹೋಯ್ತು!

ಹಾಗಾಗಿ ಸಾಲದ ಪತ್ರ, ಮಹಾಸಭೆಯ ನೋಟೀಸು ಎಲ್ಲವೂ ಕಾರ್ಬನ್ ಹಾಳೆಯಿಟ್ಟು ಕೈಮಿಷನ್ನಿನಲ್ಲೇ, ಕನ್ನಡದಲ್ಲೇ ಆದವು. ಓದಿ ಹೇಳಿದರೆ ಹೆಬ್ಬೆಟ್ಟೊತ್ತುವ ಸದಸ್ಯರಿಗೂ ಬಡ್ಡಿ ಎಷ್ಟು, ಗಡುವು ಯಾವಾಗ ಎಂದು ತಿಳಿಯುತ್ತಿತ್ತು. 2009ರಲ್ಲಿ ಗೋದ್ರೆಜ್ ಕಂಪನಿಯೂ ಟೈಪ್‌ರೈಟರ್ ತಯಾರಿಕೆ ನಿಲ್ಲಿಸಿತು. ಈಗ ಕಂಪ್ಯೂಟರ್ ಇದೆ. ಆ ತಿಳಿಗನ್ನಡ ಮಾತ್ರ ಹೋಗದಿರಲಿ.