ಕೂಗಳತೆಯೊಳಗಿನ ಮನೆ

ವರ್ಗದ ಆಜ್ಞೆ ಕೈಗೆ ಬಂದ ದಿನ ಸರ್ಕಾರಿ ಕಾಲೇಜಿನ ಅಧ್ಯಾಪಕನ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಬಾಡಿಗೆ ಮನೆಯದು. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಈ ಮೂರು ಊರುಗಳ ನೀರು ಕುಡಿದು ಈಗ ಹಾಸನಕ್ಕೆ ಬಂದವನು ನಾನು. ಮೊದಲ ಮೂರು ಊರುಗಳಲ್ಲಿ ಮನೆ ಹುಡುಕಿದುದು ಇಬ್ಬರಿಗಾಗಿ. ಪುಸ್ತಕಗಳಿಗೆ ಜಾಗ, ನಲ್ಲಿಯಲ್ಲಿ ನೀರು, ಇಷ್ಟಿದ್ದರೆ ಸಾಕಾಗಿತ್ತು. ಈ ಸಲ ಮೂವರಾಗಿದ್ದೆವು. ಮದುವೆಯಾದ ಹದಿನಾಲ್ಕನೆಯ ವರ್ಷದಲ್ಲಿ ಹುಟ್ಟಿದ ಮಗಳಿಗೆ ಈಗ ಎರಡೂವರೆ ವರ್ಷ. ಎತ್ತಿಕೊಂಡರೆ ಒಪ್ಪುವವಳಲ್ಲ, ನಡೆದರೆ ಪ್ರತಿಯೊಂದು ನಾಯಿಮರಿಯನ್ನೂ, ಪ್ರತಿಯೊಂದು ಜಲ್ಲಿ ರಾಶಿಯನ್ನೂ ವಿಚಾರಿಸಿಕೊಂಡೇ ಮುಂದಕ್ಕೆ ಹೋಗತಕ್ಕವಳು. ಒಂದು ಫರ್ಲಾಂಗಿಗೆ ಅರ್ಧ ಗಂಟೆ ಹಿಡಿಯುತ್ತದೆ. ನನಗೆ ಸ್ಕೂಟರು ಓಡಿಸಲು ಬಾರದು. ಆದುದರಿಂದ ನನ್ನ ಹೆಂಡತಿ ಷರತ್ತು ಹಾಕಿದಳು: “ಹಾಲು, ತರಕಾರಿ, ಡಾಕ್ಟರು, ಮಗು ಆಡೋದಕ್ಕೆ ಒಂದಿಷ್ಟು ಜಾಗ, ಇವೆಲ್ಲ ಅವಳು ನಡೆಯೋ ದೂರದಲ್ಲಿ ಇರಬೇಕು. ಮಿಕ್ಕಿದ್ದು ನಿಮ್ಮಿಷ್ಟ.” ಮಿಕ್ಕಿದ್ದೇನೂ ಇರಲಿಲ್ಲ.

ಎಂಟು ಭಾನುವಾರ ಬೀದಿ ಅಲೆದೆ. ಬೀದಿ ಕಂಡರೆ ಅದರ ಪೂರ್ವಾಪರ ವಿಚಾರಿಸುವುದು ಕನ್ನಡ ಮೇಷ್ಟರ ಚಾಳಿ. ಅಲೆದಂತೆಲ್ಲ ಒಂದು ಸಂಗತಿ ಹೊಳೆಯಿತು. ನನ್ನ ಹೆಂಡತಿ ಕೇಳಿದಂಥ ಊರನ್ನು ನಮ್ಮ ಹಿಂದಿನವರು ಆಗಲೇ ಕಟ್ಟಿದ್ದರು; ಬೇರೆ ಗತಿಯಿಲ್ಲದೆ ಕಟ್ಟಿದ್ದರು. ಆ ಊರು ಯಾರಿಗಾಗಿ ಇತ್ತು, ಹೇಗೆ ನಮ್ಮ ಕೈತಪ್ಪಿತು ಎಂಬುದನ್ನು ಮನೆ ಹುಡುಕುತ್ತಲೇ ಯೋಚಿಸಿದೆ.

ಈ ಊರುಗಳ ಹುಟ್ಟಿನ ಕಥೆಗಳು ರೈಸ್ ಸಾಹೇಬರ ಮೈಸೂರು ಗೆಜೆಟಿಯರಿನಲ್ಲಿ ಸಂಕ್ಷೇಪವಾಗಿ ಬಂದಿವೆ. ಚನ್ನರಾಯಪಟ್ಟಣಕ್ಕೆ ಮೊದಲು ಕೊಳತೂರು ಎಂದು ಹೆಸರು, ಅದೊಂದು ಅಗ್ರಹಾರ. 1600ರ ಸುಮಾರಿನಲ್ಲಿ ಹೊಳೆನರಸೀಪುರದ ಪಾಳೆಯಗಾರ ಲಕ್ಷ್ಮಪ್ಪ ನಾಯಕ ಅದನ್ನು ವಶಪಡಿಸಿಕೊಂಡು ತನ್ನ ಮಗನಿಗೆ ಜಹಗೀರಾಗಿ ಕೊಟ್ಟನಂತೆ. ಬಹುಕಾಲ ಮಕ್ಕಳಿಲ್ಲದೆ ಕೊರಗಿದ ಮೇಲೆ ದೇವರ ಕೃಪೆಯಿಂದ ಹುಟ್ಟಿದ ಮಗ. ಆದ್ದರಿಂದ ಮಗನಿಗೆ ಚನ್ನರಾಯನೆಂದು ದೇವರ ಹೆಸರು, ಊರಿಗೂ ಅದೇ ಹೆಸರು. ಆ ಊರಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಈ ಕಥೆ ನನಗೆ ಬರಿಯ ಸ್ಥಳನಾಮದ ವ್ಯುತ್ಪತ್ತಿಯಾಗಿತ್ತು. ಈಗ ಓದಿದರೆ ಲಕ್ಷ್ಮಪ್ಪ ನಾಯಕ ನೆರೆಮನೆಯವನಂತೆ ಕಾಣುತ್ತಾನೆ. ಅವನು ಮಗನಿಗೆ ಊರನ್ನೇ ಕೊಟ್ಟ. ನನ್ನಿಂದ ಆಗತಕ್ಕುದು ಎರಡು ಕೋಣೆ, ಒಂದು ಹಜಾರ.

ಹಾಸನದ ಐತಿಹ್ಯ ಇನ್ನೂ ಸ್ವಾರಸ್ಯವಾದುದು. ಪಾಳೆಯಗಾರನೊಬ್ಬ ಬೇಟೆಗೆ ಹೊರಟಾಗ ಮೊಲವೊಂದು ಅಡ್ಡ ಬಂದು ಊರೊಳಗೆ ನುಗ್ಗಿತು. ಅಪಶಕುನವೆಂದು ಅವನು ಚಿಂತಿಸುತ್ತಿರಲು ಹಾಸನಾಂಬೆ ಕಾಣಿಸಿಕೊಂಡು, ಇದು ಶುಭವೇ, ಇಲ್ಲಿ ಕೋಟೆ ಕಟ್ಟು ಎಂದಳು. ಸ್ಥಳ ಆರಿಸುವ ಕಷ್ಟ ಅಷ್ಟಕ್ಕೇ ಮುಗಿಯಿತು. ನನಗೆ ಅಡ್ಡ ಬಂದ ಪ್ರಾಣಿಗಳಲ್ಲಿ ಬೀದಿನಾಯಿಗಳೇ ಹೆಚ್ಚು. ದೇವಿ ಮಾತ್ರ ಏನನ್ನೂ ಹೇಳಲಿಲ್ಲ.

ಕೋಟೆಯ ಮಗ್ಗುಲಿಗೆ ಪೇಟೆ, ಪೇಟೆಯ ಸುತ್ತ ಕಸಬಿಗೊಂದೊಂದು ಕೇರಿ, ಒಂದು ಕಡೆ ಕೆರೆ, ವಾರಕ್ಕೊಮ್ಮೆ ಸಂತೆ. ನಮ್ಮ ಸೀಮೆಯ ಕಸಬಾ ಊರುಗಳೆಲ್ಲ ಹೆಚ್ಚು ಕಡಮೆ ಹೀಗೆ ಬೆಳೆದುವು. ಹೊಯ್ಸಳರ ಕಾಲದ ಶಾಸನಗಳಲ್ಲಿ ‘ಪಟ್ಟಣಸ್ವಾಮಿ’ ಎಂಬೊಬ್ಬ ಅಧಿಕಾರಿಯ ಮಾತು ಮತ್ತೆ ಮತ್ತೆ ಬರುತ್ತದೆ. ಪೇಟೆಯ ವ್ಯಾಪಾರಿಗಳಿಗೆ ಅವನೇ ಹಿರಿಯ. ಹೊಳೆನರಸೀಪುರದಲ್ಲಿ ಪೇಟೆಯಿಂದ ನರಸಿಂಹಸ್ವಾಮಿಯ ಗುಡಿಗೆ, ಗುಡಿಯಿಂದ ಹೇಮಾವತಿಯ ದಂಡೆಗೆ ನಾನು ಸಂಜೆ ಹೊತ್ತು ನಡೆದೇ ಹೋಗಿಬರುತ್ತಿದ್ದೆ. ಐಗೂರು ನಾಯಕರ ಮನೆತನದ ಕೃಷ್ಣಪ್ಪ ನಾಯಕ 16ನೆಯ ಶತಮಾನದಲ್ಲಿ ಬೆಳೆಸಿದ ಊರು ಅರಕಲಗೂಡು. (ಅ.ನ.ಕೃ. ಅವರ ಹೆಸರಿನ ಮೊದಲ ಅಕ್ಷರ ಈ ಊರಿನದೇ; ಅವರು ಹುಟ್ಟಿದುದು ಕೋಲಾರದಲ್ಲಾದರೂ.) ಇಂದಿಗೂ ಅರಕಲಗೂಡಿಗೆ ರೈಲು ಬಂದಿಲ್ಲ. ಆದರೆ ಹಳೆಯ ಪೇಟೆಯೊಳಗೆ ಬಟ್ಟೆ, ಬೇಳೆ, ಔಷಧ, ಪಂಚಾಂಗ ಎಲ್ಲವನ್ನೂ ಚಪ್ಪಲಿ ಸವೆಯದಂತೆ ತಂದುಬಿಡಬಹುದು.

ಈ ಊರುಗಳನ್ನು ಅಳೆದುದು ಕಾಲಿನಿಂದ. ಸೊಂಟದ ಮೇಲೆ ತುಂಬಿದ ಕೊಡ ಹೊತ್ತ ಹೆಂಗಸು ಎಷ್ಟು ದೂರ ನಡೆದಾಳು? ಬಾವಿ ಅಷ್ಟರೊಳಗೇ ಇರಬೇಕು. ಎರಡು ಎತ್ತಿನ ಗಾಡಿಗಳು ಎದುರಾದರೆ ದಾಟುವಷ್ಟು ಅಗಲ ಪೇಟೆಬೀದಿಗೆ ಸಾಕು; ಇಕ್ಕಟ್ಟಾದ ಕಾರಣ ಸೂರಿನ ನೆರಳು ಬೀದಿಗೂ ಬೀಳುತ್ತಿತ್ತು. ಮನೆ ಮುಂದೆ ಜಗಲಿ. ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತ ಕುಳಿತ ಅಜ್ಜಿಗೆ ಇಡೀ ಕೇರಿಯ ಮಕ್ಕಳು ಯಾರು ಎಲ್ಲಿದ್ದಾರೆಂಬುದು ಗೊತ್ತು. ಅದಕ್ಕೆ ಸಂಬಳ ಕೊಡತಕ್ಕವರಿಲ್ಲ. ದೂರವನ್ನು ಗಾವುದ ಹರಿದಾರಿಗಳಲ್ಲಿ ಎಣಿಸಿದ ಜನ ಹತ್ತಿರವನ್ನು ಕೂಗಳತೆ ಎಂದರು. ಎಂಥ ಒಳ್ಳೆಯ ಮಾತು! ಕಿಲೋಮೀಟರು ಅಂತರವನ್ನಷ್ಟೇ ಹೇಳುತ್ತದೆ. ಕೂಗಿದರೆ ಓಗೊಡಲು ಅಲ್ಲೊಬ್ಬರು ಇದ್ದಾರೆಂಬ ಸಂಗತಿಯನ್ನೂ ಕೂಗಳತೆ ಸೇರಿಸಿ ಹೇಳುತ್ತದೆ.

ಇಷ್ಟಕ್ಕೇ ನಿಲ್ಲಿಸಿ ಕಟ್ಟು ಹಾಕಿದರೆ ಅದು ಸುಳ್ಳು ಚಿತ್ರವಾದೀತು. ಅಗ್ರಹಾರದ ಬೀದಿ ಎಲ್ಲರ ಕಾಲಿಗೂ ತೆರೆದಿರಲಿಲ್ಲ. ಅಸ್ಪೃಶ್ಯರೆನಿಸಿದವರ ಕೇರಿ ಊರ ಹೊರಗೆ. ಅಲ್ಲಿಯ ಮಗು ಊರ ಬಾವಿಯ ಕಡೆ ಹೆಜ್ಜೆ ಇಡುವಂತಿರಲಿಲ್ಲ. ಅವರ ಪಾಲಿಗೆ ಕೂಗಳತೆಗೆ ಬೇರೆಯೇ ಅರ್ಥವಿತ್ತು. ದೂರದಲ್ಲಿ ನಿಂತು ಕೂಗಿ ಹೇಳಬೇಕಾದ ಅಂತರ ಅದು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿ, ಬಾವಿ, ಕೆರೆ, ರಸ್ತೆಗಳನ್ನು ಹೆಸರು ಹಿಡಿದು ಎಲ್ಲರಿಗೂ ತೆರೆಯಿತು. ಆ ಪಟ್ಟಿಯಲ್ಲಿ ಬಾಡಿಗೆ ಮನೆಯ ಬಾಗಿಲು ಇಲ್ಲ.

ಹಳೆಯ ಪೇಟೆಯ ಒತ್ತೊತ್ತಾದ ಬಾಳಿಗೆ ಮೊದಲ ಪೆಟ್ಟು ಬಿದ್ದುದು ಪ್ಲೇಗಿನಿಂದ. 1898ರಲ್ಲಿ ಅದು ಬೆಂಗಳೂರನ್ನು ಹೊಕ್ಕಿತು. ಬಳಿಕ ಸಂಸ್ಥಾನದಲ್ಲೆಲ್ಲ ಹರಡಿತು. ಇಲಿ ಸತ್ತು ಬಿದ್ದರೆ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಳ್ಳುವುದು ಆ ಕಾಲದವರಿಗೆ ವರ್ಷ ವರ್ಷದ ಕೆಲಸವಾಯಿತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಆಗ ಬೆಳೆದ ಬಡಾವಣೆಗಳು: ನೇರವಾದ ಬೀದಿಗಳು, ಮನೆಗೂ ಮನೆಗೂ ನಡುವೆ ಗಾಳಿ, ಹಿತ್ತಲ ಕಡೆ ಸಂದಿ. ಅಲ್ಲಿಯೂ ಜಾತಿ ಸಮುದಾಯಗಳಿಗೆ ಬೇರೆ ಬೇರೆ ಭಾಗಗಳನ್ನು ಗುರುತಿಸಿದ್ದರೆಂಬುದನ್ನು ಮರೆಯುವಂತಿಲ್ಲ. ಕೇರಿಯೇ ನಕ್ಷೆಯ ಮೇಲೆ ಗೆರೆಯಾಗಿ ಬಂದು ಕುಳಿತಿತ್ತು.

ಆದರೂ ಈ ಬಡಾವಣೆಗಳು ಕಾಲಿನ ಅಳತೆಯನ್ನು ಬಿಡಲಿಲ್ಲ. ಮೋಟಾರು ಬಹುಮಂದಿಗೆ ಇರಲಿಲ್ಲವಾಗಿ ಗುಡಿ, ಶಾಲೆ, ತರಕಾರಿ ಪೇಟೆ ನಡಿಗೆಯ ದೂರದಲ್ಲೇ ಇರಬೇಕಾಗಿತ್ತು. 1914ರಲ್ಲಿ ಇಂಡಿಯಾಕ್ಕೆ ಬಂದ ಪ್ಯಾಟ್ರಿಕ್ ಗೆಡೆಸ್ ಎಂಬ ಸ್ಕಾಟ್ಲೆಂಡಿನ ಪಂಡಿತರು, ಹಳೆಯ ಓಣಿಗಳನ್ನು ಸೀಳಿ ಹೆದ್ದಾರಿ ಎಳೆಯಬೇಡಿ, ರೋಗವಿರುವ ಕಡೆ ಮಾತ್ರ ಸ್ವಲ್ಪ ಕತ್ತರಿಸಿ ಬಯಲು ಬಿಡಿ ಎಂದು ಅಧಿಕಾರಿಗಳಿಗೆ ಹೇಳುತ್ತ ಊರೂರು ಸುತ್ತಿದರು. ಅಮೆರಿಕದ ಕ್ಲಾರೆನ್ಸ್ ಪೆರಿ 1929ರಲ್ಲಿ ಮಂಡಿಸಿದ ಯೋಜನೆಯಲ್ಲಿ ಶಾಲೆ ನೆರೆಹೊರೆಯ ನಡುವೆ ಇರುತ್ತದೆ, ಮನೆಗಳಿಂದ ಸುಮಾರು ಕಾಲು ಮೈಲಿ. ಮಗು ದೊಡ್ಡ ರಸ್ತೆ ದಾಟದೆ ಅಲ್ಲಿಗೆ ಮುಟ್ಟಬೇಕು. ಓದಿದಾಗ ನನ್ನ ಹೆಂಡತಿಯ ಷರತ್ತನ್ನು ಅವರು ಕದ್ದಂತೆ ತೋರಿತು.

ಹಾಸನದ ಕೆ.ಆರ್. ಪುರಂ, ಉತ್ತರ ಬಡಾವಣೆ ಮೊದಲಾದ ಹಳೆಯ ಬಡಾವಣೆಗಳಲ್ಲಿ ಈ ನಡಿಗೆಯ ಲೆಕ್ಕ ಇನ್ನೂ ಸ್ವಲ್ಪ ಉಳಿದಿದೆ. ಅವುಗಳಾಚೆ ಊರು ಮೋಟಾರನ್ನು ನಂಬಿ ಬೆಳೆಯಿತು. ಬೆಂಗಳೂರು ಮಂಗಳೂರುಗಳ ಹೆಸರಿನಿಂದಲೇ ಬಿ.ಎಂ. ರಸ್ತೆಯೆನಿಸಿದ ಹೆದ್ದಾರಿ, 2017ರಲ್ಲಿ ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ ತೆರೆದ ರೈಲುದಾರಿ, ಇವುಗಳ ಆಸರೆಯಲ್ಲಿ ಹೊಲಗದ್ದೆಗಳು ಮೂವತ್ತು ನಲವತ್ತರ ಸೈಟುಗಳಾದುವು. ಸೈಟಿನ ಜಾಹೀರಾತಿನಲ್ಲಿ ‘ಹೆದ್ದಾರಿಗೆ ಐದೇ ನಿಮಿಷ’ ಎಂದಿರುತ್ತದೆ. ಯಾರ ಐದು ನಿಮಿಷ? ನನ್ನ ಮಗಳ ಲೆಕ್ಕದಲ್ಲಿ ಅದು ಒಂದೂವರೆ ಗಂಟೆ, ದಾರಿಯಲ್ಲಿ ಲಾರಿಗಳ ಸಾಲು ಬೇರೆ.

ನೋಡಿದ ಮನೆಗಳಲ್ಲಿ ಮೊದಲನೆಯದು ಅಂಥದೊಂದು ಹೊಸ ಬಡಾವಣೆಯಲ್ಲಿತ್ತು. ಒಳ್ಳೆಯ ಮನೆ, ಅಮೃತಶಿಲೆಯ ನೆಲ, ಬಾಡಿಗೆಯೂ ಕಡಿಮೆ. ಹಾಲಿನ ಅಂಗಡಿ ಎಲ್ಲಿ ಎಂದು ಕೇಳಿದೆ. “ಗಾಡಿಯಲ್ಲಿ ಹೋದ್ರೆ ಇಲ್ಲೇ ಸಾರ್” ಎಂದರು ಮಾಲೀಕರು. ಕಾಲುದಾರಿಯ ಜಾಗದಲ್ಲಿ ಮರಳು ರಾಶಿ ಬಿದ್ದಿತ್ತು. ನಾವು ನಿಂತಿದ್ದ ಅರ್ಧ ಗಂಟೆಯಲ್ಲಿ ಆ ಬೀದಿಯಲ್ಲಿ ನಡೆದುಹೋದುದು ಒಂದು ಹಸು ಮಾತ್ರ.

ಎರಡನೆಯದು ಹಳೆಯ ಪೇಟೆಯ ಕಡೆ. ಜಗಲಿಯಿತ್ತು! ಮಗಳು ಹೇಳದೆ ಕೇಳದೆ ಹತ್ತಿ ಕುಳಿತಳು. ಕಟ್ಟಿನಕೆರೆ ಮಾರುಕಟ್ಟೆ ಹತ್ತಿರ, ಎರಡು ಬೀದಿಯಾಚೆ ಡಾಕ್ಟರು, ಎದುರು ಮನೆಯಲ್ಲಿ ಸರಿಸುಮಾರು ಇವಳದೇ ವಯಸ್ಸಿನ ಹುಡುಗ. ಬಾಡಿಗೆ ಮುಂಗಡ ಎಲ್ಲ ಮಾತಾದ ಮೇಲೆ ಯಜಮಾನರು ಬಲು ವಿನಯದಿಂದ ಕೇಳಿದರು: “ತಾವು ಯಾವ ಜನ?” ಹೇಳಿದೆ. ಅವರು ಸ್ವಲ್ಪ ಹೊತ್ತು ಬೀದಿಯ ಕಡೆ ನೋಡಿದರು. ಬೆಂಗಳೂರಿನಲ್ಲಿರುವ ಮಗಳು ಬರುವ ಮಾತಾಡುತ್ತಿದ್ದಾಳೆ, ಮನೆ ಅವಳಿಗೇ ಬೇಕಾದರೂ ಬೇಕಾದೀತು ಎಂಬುದು ಅವರಿಗೆ ಆಗ ನೆನಪಾಯಿತು. ಜಗಲಿಯಿಂದ ಇಳಿಯಲೊಲ್ಲದ ಮಗುವನ್ನು ಎತ್ತಿಕೊಂಡು ಬಂದೆ. ಅವತ್ತು ಅವಳು ಬಹಳ ಅತ್ತಳು. ನನ್ನ ಹೆಂಡತಿ ಆ ಬೀದಿ ಮುಗಿಯುವವರೆಗೆ ಮಾತಾಡಲಿಲ್ಲ, ಆಮೇಲೆ, “ಅವರ ಜಗಲಿ ಅವರಿಗಿರಲಿ. ಇವಳಿಗೆ ಅಲ್ಲಿ ಕೂರೋದು ಕಲಿಸೋದು ಬೇಡ” ಎಂದಳು.

ತಿಂಗಳೊಪ್ಪತ್ತಿನ ಮೇಲೆ ಸಿಕ್ಕಿದ ಮನೆ ಹಳೆಯ ಬಡಾವಣೆಯೊಂದರ ಅಡ್ಡರಸ್ತೆಯಲ್ಲಿದೆ. ಜಗಲಿಯಿಲ್ಲ, ಗೇಟಿನ ಪಕ್ಕದಲ್ಲೊಂದು ಕಲ್ಲುಬೆಂಚು. ನೆಲ ಕೆಂಪು ಗಾರೆಯದು, ಅಲ್ಲಲ್ಲಿ ಬಿರುಕು. ಮನೆಯೊಡತಿ ನಿವೃತ್ತ ಉಪಾಧ್ಯಾಯಿನಿ, ಮಹಡಿಯ ಮೇಲೆ ಒಬ್ಬರೇ ಇದ್ದಾರೆ. ಅವರು ಕೇಳಿದುದು ಒಂದೇ ಪ್ರಶ್ನೆ: “ಮಗು ಗೋಡೆ ಮೇಲೆ ಬರೆಯತ್ತಾ?” ಬರೆಯುತ್ತದೆ ಎಂದು ನಿಜ ಹೇಳಿದೆ. ಮುಂಗಡ ಐದು ಸಾವಿರ ಹೆಚ್ಚಾಯಿತು. ಕರಾರು ಹನ್ನೊಂದು ತಿಂಗಳಿಗೆ.

ಹಾಲಿನ ಅಂಗಡಿ ಮನೆಯಿಂದ ಇನ್ನೂರು ಹೆಜ್ಜೆ, ನನ್ನವು. ಮಗಳವನ್ನು ಎಣಿಸಲು ಅವಳು ಬಿಡುವುದಿಲ್ಲ. ಚರಂಡಿಯ ಮೇಲಿನ ಚಪ್ಪಡಿಗಳಲ್ಲಿ ಒಂದು ಅಲುಗಾಡುತ್ತದೆ. ಅದರ ಮೇಲೆ ನಿಂತು ಗಡಗಡ ಸದ್ದು ಮಾಡುವುದು ಅವಳ ನಿತ್ಯದ ಕೆಲಸ. ನಾನು ಬೀದಿಯ ಕಡೆ ತಿರುಗಿ, ಬರುವ ಬೈಕುಗಳಿಗೆ ಕೈ ಅಡ್ಡ ಹಿಡಿದು ನಿಲ್ಲುತ್ತೇನೆ. ಮಹಡಿಯ ಮೇಲಿನಿಂದ ಮೇಡಂ ಅವಳ ಹೆಸರು ಹಿಡಿದು ಕೂಗುತ್ತಾರೆ. ಅವಳು ಓಗೊಡುತ್ತಾಳೆ, ಚಪ್ಪಡಿಯಿಂದ ಮಾತ್ರ ಇಳಿಯುವುದಿಲ್ಲ.