ದುರ್ಯೋಧನನ ಕಿರೀಟ ಯಾರಿಗೆ? 'ಕುರುಕ್ಷೇತ್ರ' ಚಿತ್ರದ ಪಾತ್ರವರ್ಗ ಮತ್ತು ಅಭಿಮಾನಿಗಳ ವಾದ

ಜನಮನದಲ್ಲಿ ಒಮ್ಮೆ ನೆಲೆಗೊಂಡ ವೀರಪಾತ್ರವೊಂದನ್ನು ಮತ್ತೆ ತೆರೆಗೆ ತರುವಾಗ, ಅದಕ್ಕೆ ಯಾರು ಯೋಗ್ಯರು ಎಂಬ ವಾದ ಚಿತ್ರ ಸೆಟ್ಟೇರುವ ಮೊದಲೇ ಆರಂಭವಾಗುತ್ತದೆ. ಅಮೆರಿಕದಲ್ಲಿ ಈ ವಾದ ಬ್ಯಾಟ್‌ಮನ್, ಸೂಪರ್‌ಮನ್‌ಗಳ ಸುತ್ತ ನಡೆಯುತ್ತ ಬಂದಿದೆ. ಕನ್ನಡದಲ್ಲಿ ಸೂಪರ್‌ಹೀರೋ ಚಿತ್ರಗಳ ಪರಂಪರೆ ದೊಡ್ಡದೇನಲ್ಲ. ಆ ಸ್ಥಾನವನ್ನು ಇಲ್ಲಿ ತುಂಬಿರುವವರು ಅರ್ಜುನ, ಬಭ್ರುವಾಹನ, ಕರ್ಣ, ದುರ್ಯೋಧನರು. ಆದ್ದರಿಂದಲೇ ಮುನಿರತ್ನ ನಿರ್ಮಿಸಿ, ನಾಗಣ್ಣ ನಿರ್ದೇಶಿಸಿದ 'ಕುರುಕ್ಷೇತ್ರ' ಚಿತ್ರದ ಪಾತ್ರವರ್ಗ 2017ರಿಂದ 2019ರವರೆಗೆ ಚರ್ಚೆಯ ವಸ್ತುವಾಗಿತ್ತು. ಯಾರ ಮುಖ ಯಾವ ಪಾತ್ರಕ್ಕೆ ಒಪ್ಪುತ್ತದೆ ಎಂಬುದು ಆ ಚರ್ಚೆಯ ಒಂದು ಭಾಗವಷ್ಟೆ. ಕಥೆಯ ನಾಯಕ ಯಾರು ಎಂಬ ಹಳೆಯ ಪ್ರಶ್ನೆಯೂ ಅದರೊಳಗೆ ಅಡಗಿತ್ತು.

ಊರ ರಂಗದ ಪದ್ಧತಿ

ಕಲಬುರಗಿ ಜಿಲ್ಲೆ ಜೇವರ್ಗಿ ತಾಲ್ಲೂಕಿನ ಅಂದೋಲಾದಂತಹ ಊರುಗಳಿಗೆ ಈ ವಾದ ಸಿನಿಮಾದಿಂದ ಬಂದದ್ದಲ್ಲ. ಜೇವರ್ಗಿ, ಆಳಂದ, ಅಫಜಲಪುರ ಭಾಗದ ಹಳ್ಳಿಗಳಲ್ಲಿ ಜಾತ್ರೆ, ಹಬ್ಬಗಳ ನಿಮಿತ್ತ ಊರಿನವರೇ ಬಣ್ಣ ಹಚ್ಚಿ ಬಯಲಾಟ, ನಾಟಕ ಆಡುವ ರೂಢಿ ಬಹು ಹಿಂದಿನದು. ದೊಡ್ಡಾಟದ ಕಥೆಗಳು ಬಹುಪಾಲು ಭಾರತ, ರಾಮಾಯಣಗಳಿಂದ ಬಂದವು. ಭುಜಕೀರ್ತಿ, ಎದೆಹಾರ, ಕಿರೀಟಗಳ ಭಾರ ಹೊತ್ತು ರಾತ್ರಿಯಿಡೀ ಕುಣಿಯಬೇಕಾದ್ದರಿಂದ ಅಲ್ಲಿ ಮೈಕಟ್ಟಿಗೆ ಬೆಲೆಯುಂಟು; ಕಂಠಕ್ಕೆ ಅದಕ್ಕಿಂತ ಹೆಚ್ಚು. ಕಟ್ಟಕಡೆಯಲ್ಲಿ ಕುಳಿತವರಿಗೂ ಮಾತು ಮುಟ್ಟಬೇಕು, ಮುಂಜಾವಿನವರೆಗೂ ದನಿ ಒಡೆಯಬಾರದು. ಧರ್ಮರಾಯನ ಪಾತ್ರವನ್ನು ಮೆಲುದನಿಯವರೂ ನಿಭಾಯಿಸಬಲ್ಲರು, ದುರ್ಯೋಧನನ ಪಾತ್ರ ಹಾಗಲ್ಲ.

ದೊಡ್ಡಾಟದಲ್ಲಿ ಸಾರಥಿ ಎಂಬ ಪಾತ್ರಧಾರಿ ಇರುತ್ತಾನೆ. ರಂಗಕ್ಕೆ ಬಂದ ಪ್ರತಿಯೊಂದು ವೇಷವನ್ನೂ ಅವನು ತಡೆದು, ಯಾರು, ಎಲ್ಲಿಂದ ಬಂದವರು ಎಂದು ವಿಚಾರಿಸುತ್ತಾನೆ. ವೇಷ ಹಾಕಿದವನು ತನ್ನ ಕುಲ, ಬಿರುದು, ಪರಾಕ್ರಮಗಳನ್ನು ತಾನೇ ಹೇಳಿಕೊಳ್ಳಬೇಕು. ಹಗಲಲ್ಲಿ ಹೊಲದ ಬದುವಿನಲ್ಲಿ ಕಂಡ ಮನುಷ್ಯನನ್ನು ಇರುಳಲ್ಲಿ ಕೌರವೇಶ್ವರನೆಂದು ಊರು ಒಪ್ಪುವುದೋ ಬಿಡುವುದೋ ಆ ಕೆಲವು ನಿಮಿಷಗಳಲ್ಲಿ ಗೊತ್ತಾಗುತ್ತದೆ.

ದಕ್ಷಿಣದ ತುಮಕೂರು, ಮಂಡ್ಯ ಕಡೆಯ 'ಕುರುಕ್ಷೇತ್ರ' ನಾಟಕಗಳಲ್ಲಿ ಬೇರೆಯದೇ ಕ್ರಮವಿದೆ. ಪಾತ್ರ ಬಯಸುವವರು ನಾಟಕದ ಖರ್ಚಿಗೆ ಹಣ ಕೊಡುತ್ತಾರೆ. ದುರ್ಯೋಧನ, ಕೃಷ್ಣ, ಭೀಮನಂತಹ ಪಾತ್ರಗಳಿಗೆ ಹೆಚ್ಚಿನ ಮೊತ್ತ ಬೀಳುತ್ತದೆ. ಹಣ ಕೊಟ್ಟವರಿಗೆಲ್ಲ ಹಾಡು ಬರುತ್ತದೆಂದೇನೂ ಇಲ್ಲ. ಆ ಕಷ್ಟ ಹಾರ್ಮೋನಿಯಂ ಮೇಷ್ಟ್ರದು.

ಜೇವರ್ಗಿಗೆ ವೃತ್ತಿರಂಗಭೂಮಿಯ ನಂಟೂ ಉಂಟು. 'ಕುಂಟ ಕೋಣ ಮೂಕ ಜಾಣ' ನಾಟಕದ ಕರ್ತೃ ರಾಜಣ್ಣ ಅವರು ಊರಿನ ಹೆಸರಿನಿಂದಲೇ, ರಾಜಣ್ಣ ಜೇವರ್ಗಿ ಎಂದೇ ಪ್ರಸಿದ್ಧರು. ಕಂಪನಿ ನಾಟಕಗಳಲ್ಲಿ ಒಂದೇ ಪಾತ್ರವನ್ನು ಕಾಲಕಾಲಕ್ಕೆ ಬೇರೆ ಬೇರೆ ನಟರು ವಹಿಸುವುದು ಸಹಜ. ಕಳೆದ ವರ್ಷದವರೇ ಚೆನ್ನಾಗಿ ಮಾಡುತ್ತಿದ್ದರು ಎಂಬ ಮಾತು ಪ್ರೇಕ್ಷಕರ ಬಾಯಲ್ಲಿ ಬರುವುದೂ ಅಷ್ಟೇ ಸಹಜ.

'ಕುರುಕ್ಷೇತ್ರ'ದ ಪಾತ್ರಗಳು

'ಕುರುಕ್ಷೇತ್ರ' ಚಿತ್ರವು ರನ್ನನ 'ಗದಾಯುದ್ಧ'ದ ಆಧಾರವನ್ನು ಹೇಳಿಕೊಂಡಿತ್ತು. ದುರ್ಯೋಧನನಾಗಿ ದರ್ಶನ್, ಭೀಷ್ಮನಾಗಿ ಅಂಬರೀಶ್, ಕೃಷ್ಣನಾಗಿ ರವಿಚಂದ್ರನ್, ಕರ್ಣನಾಗಿ ಅರ್ಜುನ್ ಸರ್ಜಾ, ದ್ರೋಣನಾಗಿ ಶ್ರೀನಿವಾಸಮೂರ್ತಿ, ಶಕುನಿಯಾಗಿ ರವಿಶಂಕರ್, ಧರ್ಮರಾಯನಾಗಿ ಶಶಿಕುಮಾರ್, ದ್ರೌಪದಿಯಾಗಿ ಸ್ನೇಹಾ, ಭಾನುಮತಿಯಾಗಿ ಮೇಘನಾ ರಾಜ್, ಅಭಿಮನ್ಯುವಾಗಿ ನಿಖಿಲ್ ಕುಮಾರಸ್ವಾಮಿ ಅಭಿನಯಿಸಿದ್ದರು. ಅರ್ಜುನನ ಪಾತ್ರ ಸೋನು ಸೂದ್ ಅವರದು. ಭೀಮನಾಗಿ ಬಂದ ಡ್ಯಾನಿಶ್ ಅಖ್ತರ್, 'ಸಿಯಾ ಕೇ ರಾಮ್' ಹಿಂದಿ ಧಾರಾವಾಹಿಯಲ್ಲಿ ಹನುಮಂತನಾಗಿ ಕಾಣಿಸಿಕೊಂಡಿದ್ದವರು.

ಪಟ್ಟಿ ನೋಡಿದವರಿಗೆ ಏಳುವ ಮೊದಲ ಪ್ರಶ್ನೆ ಭಾಷೆಯದು. ಪಾಂಡವರಲ್ಲಿ ಇಬ್ಬರು ಮುಖ್ಯರ ಪಾತ್ರಗಳು ಕನ್ನಡೇತರ ನಟರಿಗೆ ಹೋದವು. ಪೌರಾಣಿಕ ಚಿತ್ರದಲ್ಲಿ ಮಾತೇ ಬಂಡವಾಳ; ಗುಬ್ಬಿ ಕಂಪನಿಯ ರಂಗದಲ್ಲಿ ಪಳಗಿ, 1954ರ 'ಬೇಡರ ಕಣ್ಣಪ್ಪ'ದಿಂದ ನಾಯಕರಾದ ಡಾ. ರಾಜ್‌ಕುಮಾರ್ ಅವರ ಉಚ್ಚಾರಣೆಗೆ ಕಿವಿ ಒಗ್ಗಿದ ಪ್ರೇಕ್ಷಕರಿಗೆ ಇದು ಸಣ್ಣ ಸಂಗತಿಯಲ್ಲ. 1977ರ 'ಬಭ್ರುವಾಹನ'ದಲ್ಲಿ ಅರ್ಜುನ ಮತ್ತು ಬಭ್ರುವಾಹನ, ತಂದೆ ಮಗ ಇಬ್ಬರೂ ಅವರೇ ಆಗಿದ್ದರು. ಹುಣಸೂರು ಕೃಷ್ಣಮೂರ್ತಿ ನಿರ್ದೇಶನದ ಆ ಚಿತ್ರ ಕಂಡವರಿಗೆ ಅರ್ಜುನನ ದನಿ ಯಾವುದೆಂದು ಬೇರೆ ಹೇಳಬೇಕಿಲ್ಲ.

ಎರಡನೆಯ ಪ್ರಶ್ನೆ ಪಾತ್ರದ ಗಾತ್ರದ್ದು. ನಿಖಿಲ್ ಅವರ ತಂದೆ ಎಚ್.ಡಿ. ಕುಮಾರಸ್ವಾಮಿ 2018ರ ಮೇ ತಿಂಗಳಿನಿಂದ 2019ರ ಜುಲೈವರೆಗೆ ಮುಖ್ಯಮಂತ್ರಿಯಾಗಿದ್ದರು. ಅಭಿಮನ್ಯುವಿಗೆ ಎಷ್ಟು ಜಾಗ, ದುರ್ಯೋಧನನಿಗೆ ಎಷ್ಟು ಜಾಗ ಎಂಬ ಮಾತಿಗೆ ರಾಜಕೀಯದ ಬಣ್ಣವೂ ಬಂದಿತು. 2019ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಿಂದ ನಿಖಿಲ್ ಸ್ಪರ್ಧಿಸಿದರು. ಎದುರಾಳಿಯಾಗಿ ನಿಂತು ಗೆದ್ದವರು ಸುಮಲತಾ, ಅಂದರೆ ಚಿತ್ರದ ಭೀಷ್ಮ ಅಂಬರೀಶ್ ಅವರ ಪತ್ನಿ. ಅವರ ಪರ ಪ್ರಚಾರ ಮಾಡಿದವರಲ್ಲಿ ಚಿತ್ರದ ದುರ್ಯೋಧನ ದರ್ಶನ್ ಪ್ರಮುಖರು. ಚಿತ್ರ ಆಗ ಇನ್ನೂ ತೆರೆಗೆ ಬಂದಿರಲಿಲ್ಲ. ಅಂಬರೀಶ್ 2018ರ ನವೆಂಬರ್ 24ರಂದೇ ನಿಧನರಾಗಿದ್ದರು. ಇಷ್ಟೆಲ್ಲ ಆದ ಮೇಲೆ, 2019ರ ಆಗಸ್ಟ್ 9ರ ವರಮಹಾಲಕ್ಷ್ಮಿ ಹಬ್ಬದ ದಿನ ಚಿತ್ರ ಬಿಡುಗಡೆಯಾಯಿತು. ಉತ್ತರ ಕರ್ನಾಟಕದ ಹಲವು ಜಿಲ್ಲೆಗಳು ಆ ವಾರ ಪ್ರವಾಹದಲ್ಲಿದ್ದವು.

ನಾಯಕ ಯಾರು?

ದರ್ಶನ್ ಅವರ 50ನೇ ಚಿತ್ರವೆಂದು ಪ್ರಚಾರಗೊಂಡ ಈ ಕಥೆಯಲ್ಲಿ ಅವರದು ಪ್ರತಿನಾಯಕನ ಪಾತ್ರ. ಇಲ್ಲಿಯೇ ಕನ್ನಡದ ವಾದ ಹಾಲಿವುಡ್ ವಾದದಿಂದ ಬೇರೆಯಾಗುತ್ತದೆ. ಅಲ್ಲಿ ಬ್ಯಾಟ್‌ಮನ್ ನಾಯಕನೆಂಬುದು ಇತ್ಯರ್ಥವಾದ ಸಂಗತಿ, ನಟನ ಬಗ್ಗೆ ಮಾತ್ರ ಜಗಳ. ಇಲ್ಲಿ ತಾರೆ ಯಾವ ಪಾತ್ರ ಹಿಡಿದರೆ ಆ ಪಾತ್ರವೇ ನಾಯಕನಾಗಿಬಿಡುತ್ತದೆ. ದುರ್ಯೋಧನನ ಪ್ರವೇಶಕ್ಕೆ ಶಿಳ್ಳೆ ಬೀಳುವ ಚಿತ್ರಮಂದಿರದಲ್ಲಿ, ಅವನ ತೊಡೆ ಮುರಿಯುವ ಭೀಮನನ್ನು ನೋಡುವ ದೃಷ್ಟಿಯೇ ಬದಲಾಗುತ್ತದೆ. ದ್ರೌಪದಿಯ ಮಾನಭಂಗದ ದೃಶ್ಯದಲ್ಲಿ ಸಭಾಂಗಣ ಯಾರ ಪಕ್ಷದಲ್ಲಿರಬೇಕು ಎಂಬ ಇಕ್ಕಟ್ಟು ಪಾತ್ರವರ್ಗದ ಆಯ್ಕೆಯಿಂದಲೇ ಹುಟ್ಟುವಂಥದ್ದು.

ಇದಕ್ಕೆ ಚಿತ್ರತಂಡವೊಂದನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಈ ಇಕ್ಕಟ್ಟು ರನ್ನನ ಕಾವ್ಯದಲ್ಲೇ ಇದೆ. ಮುಧೋಳದ ರನ್ನ ತನ್ನ ಆಶ್ರಯದಾತ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿ ಕಾವ್ಯ ಬರೆದ. ಅದಕ್ಕೆ 'ಸಾಹಸಭೀಮ ವಿಜಯ' ಎಂಬ ಹೆಸರೂ ಇದೆ. ಅವನಿಗಿಂತ ಮೊದಲು ಪಂಪ ಅರಿಕೇಸರಿಗೆ ಅರ್ಜುನನ ಪಟ್ಟ ಕಟ್ಟಿದ್ದ. ರಾಜನಿಗೆ ತಕ್ಕ ಪಾತ್ರ ಕೊಡುವ ಕೆಲಸ ಕನ್ನಡದಲ್ಲಿ ಸಾವಿರ ವರ್ಷ ಹಳೆಯದೆನ್ನಬೇಕು. ಆದರೆ ಕಾವ್ಯ ಓದಿದವರ ನೆನಪಿನಲ್ಲಿ ಉಳಿದವನು ವೈಶಂಪಾಯನ ಸರೋವರ ಹೊಕ್ಕ, ಬಂಧುಗಳನ್ನೆಲ್ಲ ಕಳೆದುಕೊಂಡೂ ಛಲ ಬಿಡದ ದುರ್ಯೋಧನ. ಬಿ.ಎಂ. ಶ್ರೀಕಂಠಯ್ಯನವರು ಈ ಕಾವ್ಯದಿಂದ 'ಗದಾಯುದ್ಧ ನಾಟಕಂ' ರೂಪಿಸಿದಾಗಲೂ ಅವನ ದುರಂತವೇ ಮುಂದೆ ಬಂತು. ಕವಿ ನಾಯಕನೆಂದು ಹೆಸರಿಸಿದವನು ಒಬ್ಬ, ಓದುಗರು ಎತ್ತಿಕೊಂಡವನು ಇನ್ನೊಬ್ಬ.

ಚಿತ್ರ ತೆರೆಕಂಡಾಗ ದರ್ಶನ್ ಅವರ ನಿಲುವಿಗೂ ಸಂಭಾಷಣೆಗೂ ಮೆಚ್ಚುಗೆ ದೊರೆಯಿತು. ಇದೇ ನಾಗಣ್ಣ ನಿರ್ದೇಶನದಲ್ಲಿ ಅವರು 2012ರಲ್ಲಿ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'ನಾಗಿದ್ದರು. ಅದರಲ್ಲಿ ಕಿತ್ತೂರು ಚೆನ್ನಮ್ಮನಾದವರು ಜಯಪ್ರದಾ. 1961ರ 'ಕಿತ್ತೂರು ಚೆನ್ನಮ್ಮ' ನೋಡಿದ ಪೀಳಿಗೆಗಾದರೆ ಚೆನ್ನಮ್ಮನೆಂದರೆ ಬಿ. ಸರೋಜಾದೇವಿ.

ಮೊದಲ ಮುಖದ ಹಿಡಿತ

ಮೊದಲು ಕಂಡ ಮುಖವೇ ಪಾತ್ರದ ನಿಜವಾದ ಮುಖವೆಂಬ ನಂಬಿಕೆ ಎಲ್ಲೆಡೆಯೂ ಇದೆ, ಎಲ್ಲೆಡೆಯೂ ಸೋತಿದೆ. ತೆಲುಗಿನಲ್ಲಿ ಎನ್.ಟಿ. ರಾಮರಾವ್ ಎಂದರೆ ಕೃಷ್ಣ ಎಂಬಷ್ಟು ಆ ಪಾತ್ರ ಅವರದಾಯಿತು. ಆದರೆ 1956ರ 'ಸೊಂತ ಊರು' ಚಿತ್ರದಲ್ಲಿ ಅವರು ಕೃಷ್ಣನಾಗಿ ಕೆಲಹೊತ್ತು ಕಾಣಿಸಿಕೊಂಡಾಗ ಜನ ಒಪ್ಪಿರಲಿಲ್ಲ. ಮರುವರ್ಷ 'ಮಾಯಾಬಜಾರ್'ಗೆ ಕೆ.ವಿ. ರೆಡ್ಡಿ ಕರೆದಾಗ ಅವರೇ ಹಿಂಜರಿದಿದ್ದರು. 1989ರ 'ಬ್ಯಾಟ್‌ಮನ್'ಗೆ ಹಾಸ್ಯನಟನೆಂದು ಹೆಸರಾದ ಮೈಕೆಲ್ ಕೀಟನ್ ಆಯ್ಕೆಯಾದಾಗ ವಾರ್ನರ್ ಬ್ರದರ್ಸ್ ಕಚೇರಿಗೆ ಸುಮಾರು 50,000 ಪ್ರತಿಭಟನಾ ಪತ್ರಗಳು ಬಂದವೆನ್ನಲಾಗಿದೆ. ಮುಂದೆ ಅದೇ ಕೀಟನ್ ಉಳಿದವರನ್ನು ಅಳೆಯುವ ಮಾನದಂಡವಾದರು. ಜೋಕರ್ ಪಾತ್ರಕ್ಕೆ ಹೀತ್ ಲೆಜರ್ ಬೇಡವೆಂದವರೂ ಇದ್ದರು. 2008ರ 'ದಿ ಡಾರ್ಕ್ ನೈಟ್'ಗಾಗಿ ಅವರಿಗೆ ಮರಣೋತ್ತರ ಆಸ್ಕರ್ ಬಂದಿತು.

ಭಾರತದ ಸೂಪರ್‌ಹೀರೋ ಎಂದರೆ ಒಂದು ಪೀಳಿಗೆಗೆ 'ಶಕ್ತಿಮಾನ್'. 1997ರಿಂದ 2005ರವರೆಗೆ ದೂರದರ್ಶನದಲ್ಲಿ ಪ್ರಸಾರವಾದ ಈ ಧಾರಾವಾಹಿಯ ನಾಯಕ ಮುಕೇಶ್ ಖನ್ನಾ, ಬಿ.ಆರ್. ಚೋಪ್ರಾ ಅವರ 'ಮಹಾಭಾರತ'ದ ಭೀಷ್ಮನೂ ಹೌದು. ಕಲಬುರಗಿ ಭಾಗಕ್ಕೆ ದೂರದರ್ಶನದ ಪರಿಚಯ ರಾಜ್ಯದ ಬೇರೆಡೆಗಿಂತ ಮೊದಲಿನದು. 1975-76ರ ಉಪಗ್ರಹ ದೂರದರ್ಶನ ಪ್ರಯೋಗದಲ್ಲಿ ಕರ್ನಾಟಕದಿಂದ ಆಯ್ಕೆಯಾದದ್ದು ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. 1977ರಲ್ಲಿ ಗುಲ್ಬರ್ಗಾದಲ್ಲೇ ದೂರದರ್ಶನ ಕೇಂದ್ರ ಆರಂಭವಾಯಿತು. 2022ರಲ್ಲಿ 'ಶಕ್ತಿಮಾನ್' ಚಿತ್ರ ಘೋಷಣೆಯಾಗಿ, ರಣವೀರ್ ಸಿಂಗ್ ಹೆಸರು ಕೇಳಿಬಂದಾಗ ಸ್ವತಃ ಖನ್ನಾ ಅವರೇ 2024ರಲ್ಲಿ ಬಹಿರಂಗವಾಗಿ ವಿರೋಧಿಸಿದರು. ಹಳೆಯ ನಟನೇ ಹೊಸ ನಟನ ಆಯ್ಕೆಗೆ ಅಡ್ಡ ನಿಂತದ್ದು ಅಪರೂಪದ ಪ್ರಸಂಗ.

ಬೇರೆ ನಟನೇ ಬೇಡವೆಂಬ ಹಠಕ್ಕೆ ತಂತ್ರಜ್ಞಾನವೂ ಉತ್ತರ ಹುಡುಕಿದೆ. 2009ರ ಡಿಸೆಂಬರ್ 30ರಂದು ನಿಧನರಾದ ವಿಷ್ಣುವರ್ಧನ್ ಅವರ ಮುಖವನ್ನು ಕೋಡಿ ರಾಮಕೃಷ್ಣ ನಿರ್ದೇಶನದ 2016ರ 'ನಾಗರಹಾವು' ಚಿತ್ರದಲ್ಲಿ ಗ್ರಾಫಿಕ್ಸ್ ಮೂಲಕ ಬೇರೊಬ್ಬರ ದೇಹಕ್ಕೆ ಜೋಡಿಸಲಾಯಿತು. 1972ರ ಪುಟ್ಟಣ್ಣ ಕಣಗಾಲ್ ಚಿತ್ರಕ್ಕೂ ಇದಕ್ಕೂ ಹೆಸರಿನ ಸಂಬಂಧವಷ್ಟೆ. ಮುಖ ಕಂಡಿತು, ಅಭಿನಯ ಎಲ್ಲಿಂದ ತರುವುದು ಎಂಬ ಪ್ರಶ್ನೆ ಉಳಿಯಿತು. 2021ರ ಅಕ್ಟೋಬರ್ 29ರಂದು ಅಗಲಿದ ಪುನೀತ್ ರಾಜ್‌ಕುಮಾರ್ ಅವರ 'ಜೇಮ್ಸ್' ವಿಚಾರದಲ್ಲಿ ಆದದ್ದು ಇದಕ್ಕೆ ವಿರುದ್ಧ. ಅಭಿನಯ ಇತ್ತು, ಡಬ್ಬಿಂಗ್ ಆಗಿರಲಿಲ್ಲ. 2022ರ ಮಾರ್ಚ್ 17ರಂದು ಚಿತ್ರ ಬಂದಾಗ ಅಣ್ಣ ಶಿವರಾಜ್‌ಕುಮಾರ್ ದನಿ ನೀಡಿದ್ದರು. ಸ್ವಂತ ಅಣ್ಣನ ದನಿಯಾದರೂ ಅಭಿಮಾನಿಗಳ ಮನಸ್ಸು ತಣಿಯಲಿಲ್ಲ. ಏಪ್ರಿಲ್‌ನಲ್ಲಿ ತಂತ್ರಜ್ಞಾನದ ನೆರವಿನಿಂದ ಪುನೀತ್ ಅವರದೇ ದನಿ ಅಳವಡಿಸಿ ಮತ್ತೆ ತೆರೆಗೆ ತರಲಾಯಿತು.

ನಿತೇಶ್ ತಿವಾರಿ ನಿರ್ದೇಶನದ 'ರಾಮಾಯಣ'ದ ಪರಿಚಯ ತುಣುಕು 2025ರ ಜುಲೈನಲ್ಲಿ ಹೊರಬಂದಾಗ ರಾಮನಾಗಿ ರಣಬೀರ್ ಕಪೂರ್, ರಾವಣನಾಗಿ ಕನ್ನಡದ ಯಶ್ ಕಾಣಿಸಿದರು. ಕರ್ನಾಟಕದ ಅಭಿಮಾನಿಗಳಿಗೆ ಮತ್ತೊಮ್ಮೆ ಅದೇ ಇಕ್ಕಟ್ಟು: ತಮ್ಮ ತಾರೆ ಸೋಲಬೇಕಾದ ಪಕ್ಷದಲ್ಲಿದ್ದಾನೆ. ಅದೇ ತಿಂಗಳು ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ 'ಮಹಾವತಾರ್ ನರಸಿಂಹ' ಕನ್ನಡದಲ್ಲೂ ತೆರೆಕಂಡಿತು. ಅದು ಅನಿಮೇಷನ್ ಚಿತ್ರ. ಹಿರಣ್ಯಕಶಿಪುವಿನ ವೇಷ ಹಾಕಿದವರು ಯಾರೂ ಇಲ್ಲ. 1983ರ 'ಭಕ್ತ ಪ್ರಹ್ಲಾದ'ದಲ್ಲಿ ಆ ಪಾತ್ರದಲ್ಲಿ ರಾಜ್‌ಕುಮಾರ್ ಅವರನ್ನು ಕಂಡ ಕನ್ನಡಿಗರಿಗೆ ಅಲ್ಲಿ ಹೋಲಿಸಿ ನೋಡಲು ಉಳಿದದ್ದು ದನಿಯೊಂದೇ.